ಸರ್ಪಸುತ್ತಿನ ದಾರಿ ಹಿಡಿದು

ಮಾಗಡಿ ಕಡೆಯ ರೈತರೊಬ್ಬರು. ಅರವತ್ತರ ಆಸುಪಾಸು. ರಾತ್ರಿ ಹನ್ನೊಂದರ ಹೊತ್ತಿಗೆ ಕ್ಯಾಶುವಾಲ್ಟಿಗೆ ಬಂದಾಗ ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದುಕೊಂಡೇ ಬಂದರು. "ಉರಿ ಡಾಕ್ಟ್ರಮ್ಮ, ಒಳಗೆ ಕೆಂಡ ಇಟ್ಟಂಗಾಯ್ತದೆ." ನಾನಾಗ ಸರ್ಜರಿ ಪಿಜಿ, ಎರಡನೇ ವರ್ಷ. ಬಲಗಡೆ, ಪಕ್ಕೆಲುಬಿನ ಕೆಳಗೆ, ಆ ವಯಸ್ಸು. ಪಿತ್ತಕೋಶ ಬಿಟ್ಟು ಇನ್ನೇನಿರುತ್ತದೆ ಎಂದುಕೊಂಡೆ. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು, ಡ್ರಿಪ್ ಹಾಕಿಸಿದೆ. ಸ್ಕ್ಯಾನಿನಲ್ಲಿ ಪಿತ್ತಕೋಶ ತೊಳೆದು ಬೋರಲು ಹಾಕಿದ ಲೋಟದ ಹಾಗೆ ಸ್ವಚ್ಛ. ಬೆಳಿಗ್ಗೆ ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ ಬರೆದು ಕಳಿಸಿದೆ.

ಮೂರನೇ ದಿನ ಅವರೇ ಒಪಿಡಿಗೆ ಬಂದರು. ಈ ಸಲ ಜೊತೆಯಲ್ಲಿ ಎಂಬತ್ತು ದಾಟಿದ ತಾಯಿ. ಅಂಗಿ ಎತ್ತಿದರೆ ಬೆನ್ನಿನ ನಡುಗೆರೆಯಿಂದ ಹೊರಟು, ಬಲಪಕ್ಕೆಯನ್ನು ಸುತ್ತಿ, ಓರೆಯಾಗಿ ಇಳಿಯುತ್ತ ಹೊಟ್ಟೆಯ ಮುಂದಕ್ಕೆ ಬಂದ ಕೆಮ್ಮಣ್ಣಿನ ಪಟ್ಟಿ. ಎರಡು ಬೆರಳಿನ ಅಗಲ. ಒಣಗಿ ಬಿರುಕು ಬಿಟ್ಟ ಮಣ್ಣಿನಡಿ ನೀರುಗುಳ್ಳೆಗಳ ಗೊಂಚಲು. ಎದೆಮೂಳೆಯ ಕೆಳತುದಿಗೂ ಹೊಕ್ಕುಳಿಗೂ ನಡುಮಧ್ಯೆ ಬಂದು ಪಟ್ಟಿ ಗಕ್ಕನೆ ನಿಂತಿತ್ತು. ಅಲ್ಲಿ ಅಜ್ಜಿ ಅಡ್ಡಕ್ಕೊಂದು ಗೆರೆ ಎಳೆದಿದ್ದರು. "ಹೆಡೆ ಬಾಲ ಕೂಡ್ಬಾರ್ದಲ್ಲ, ಅದ್ಕೆ."

ಮುಖ ಎಲ್ಲಿಟ್ಟುಕೊಳ್ಳಲಿ? ಅದು ಸರ್ಪಸುತ್ತು. ಮಗನ ಮೈಮೇಲೆ ಆ ಅಜ್ಜಿ ಬರೆದಿದ್ದು ಎಂಟನೇ ಥೊರಾಸಿಕ್ ನರ್ವಿನ, ಅಂದರೆ ಎದೆಭಾಗದ ಎಂಟನೇ ನರದ, ನಕ್ಷೆ. ಕಾಲೇಜಿನಲ್ಲಿ ನಾನು ಬಣ್ಣದ ಪೆನ್ಸಿಲ್ ಹಿಡಿದು ರೆಕಾರ್ಡಿನಲ್ಲಿ ಬಿಡಿಸಿದ ಡರ್ಮಟೋಮ್ (ಒಂದೊಂದು ನರದ ಪಾಲಿನ ಚರ್ಮದ ಪಟ್ಟಿ) ಚಿತ್ರಕ್ಕಿಂತ ಇದು ಕರಾರುವಾಕ್ಕಾಗಿತ್ತು. ಚಿಕ್ಕಂದಿನಲ್ಲಿ 'ಅಮ್ಮ' ಬಂದು ಹೋದಾಗ ಚಿಕನ್‌ಪಾಕ್ಸ್ ವೈರಸ್ ಬೆನ್ನುಮೂಳೆಯ ಪಕ್ಕದ ನರಗಂಟಿನಲ್ಲಿ, ಡಾರ್ಸಲ್ ರೂಟ್ ಗ್ಯಾಂಗ್ಲಿಯನ್‌ನಲ್ಲಿ ಅಡಗಿ ಕೂರುತ್ತದೆ. ದಶಕಗಳ ನಂತರ ಮೈಯ ಶಕ್ತಿ ಕುಗ್ಗಿದಾಗ ಎದ್ದು, ಅದೇ ನರ ಹಿಡಿದು ಚರ್ಮದ ತನಕ ನಡೆಯುತ್ತದೆ. ನಡೆಯುವಾಗ ಮೊದಲು ನೋವು, ಎರಡು ಮೂರು ದಿನ ಬಿಟ್ಟು ಗುಳ್ಳೆ. ನಾನು ನೋಡಿದ್ದು ನೋವಿನ ರಾತ್ರಿ, ಅಜ್ಜಿ ನೋಡಿದ್ದು ಗುಳ್ಳೆಯ ಬೆಳಗು. ಆದರೂ ನೆಪ ಹೇಳುವಂತಿಲ್ಲ. ಆ ರಾತ್ರಿ ನಾನು ಹೊಟ್ಟೆ ಮುಟ್ಟಿದೆ, ಬೆನ್ನು ಮುಟ್ಟಲಿಲ್ಲ. ಹತ್ತಿಯ ಎಳೆಯೊಂದನ್ನು ಬೆನ್ನಿಂದ ಮುಂದಕ್ಕೆ ಸವರಿದ್ದರೆ ಆ ಪಟ್ಟಿಯುದ್ದಕ್ಕೂ ಅವರು ಬೆಚ್ಚುತ್ತಿದ್ದರು.

ಸರ್ಪದ ಹೆಡೆ ಬಾಲ ಕೂಡಿದರೆ ರೋಗಿ ಸಾಯುತ್ತಾನೆ ಎಂಬ ಮಾತಿಗೂ ಅನಾಟಮಿಯಲ್ಲೇ ಉತ್ತರವಿದೆ. ಬಲಗಡೆಯ ನರ ಬಲಗಡೆಗೆ, ಎಡಗಡೆಯದು ಎಡಕ್ಕೆ. ನಡುಗೆರೆಯಲ್ಲಿ ಇಬ್ಬರದೂ ಗಡಿ. ಒಂದೇ ಗ್ಯಾಂಗ್ಲಿಯನ್‌ನಿಂದ ಹೊರಟ ಸರ್ಪ ಅರ್ಧ ಸುತ್ತು ಬಂದು ಆ ಗಡಿಯಲ್ಲೇ ನಿಲ್ಲಲೇಬೇಕು, ಕೆಮ್ಮಣ್ಣು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ. ಗಡಿ ದಾಟಿ ಮೈತುಂಬ ಹರಡಿದರೆ ರೋಗಿಯ ನಿರೋಧಕ ಶಕ್ತಿಯೇ ಕುಸಿದಿದೆ ಎಂದರ್ಥ. ಅಂಥವರು ನಿಜಕ್ಕೂ ಸಾಯಬಹುದು. ಹಳೆಯ ನಂಬಿಕೆ ಹುಟ್ಟಿದ್ದು ಅಂಥ ಯಾರನ್ನೋ ಕಂಡೇ ಇರಬೇಕು ಅನ್ನುವುದು ನನ್ನ ಊಹೆ. ಇಂಗ್ಲೆಂಡಿನ ವೈದ್ಯರಾದ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ 1900ರಲ್ಲಿ ಡರ್ಮಟೋಮ್‌ಗಳ ನಕ್ಷೆ ತಯಾರಿಸಿದ್ದೂ ಸರ್ಪಸುತ್ತಿನ ರೋಗಿಗಳನ್ನು ನೋಡಿಯೇ. ಅಜ್ಜಿಯ ದಾರಿಯಲ್ಲೇ ಅವರೂ ಹೋದರು ಅನ್ನಿ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ: ವೈರಸ್ಸಿನ ಔಷಧಿ ಏಸೈಕ್ಲೋವಿರ್ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಮಣ್ಣು ಒಣಗುವುದನ್ನು ಕಾಯುತ್ತ ಕೂತರೆ ಆ ಹೊತ್ತು ಮೀರಿ ಹೋಗುತ್ತದೆ.

ಈಗ ವಿದ್ಯಾರ್ಥಿಗಳಿಗೆ ಕ್ಲಿನಿಕ್ ತೆಗೆದುಕೊಳ್ಳುವಾಗ ನಾನು ಶುರುಮಾಡುವುದೇ ಈ ಪಟ್ಟಿಯಿಂದ. ಮೊದಲ ವರ್ಷದಲ್ಲಿ ಸ್ತನವನ್ನು ತೋಳಿನ ಪಾಠದ ಜೊತೆ ಓದುತ್ತೀರಿ, ಎದೆಗೂಡಿಗೆ ಬೇರೆ ಅಧ್ಯಾಯ, ಬೆನ್ನುಮೂಳೆ ಇನ್ನೆಲ್ಲೋ. ನಮ್ಮ ಬೆಂಗಳೂರೂ ಮೈಯನ್ನು ಹಾಗೇ ಹಂಚಿಕೊಂಡಿದೆ. ಹೊಸೂರು ರಸ್ತೆಯ ಆ ಮಗ್ಗುಲಲ್ಲಿ ಬೆನ್ನುಹುರಿಗೆ ನಿಮ್ಹಾನ್ಸ್, ಅದರಾಚೆ ಗಡ್ಡೆಗೆ ಕಿದ್ವಾಯಿ, ಶ್ವಾಸಕೋಶಕ್ಕೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಮೂಳೆ ಮುರಿದರೆ ಸಂಜಯ ಗಾಂಧಿ. ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಪರಿಣತಿಗೆ ಕಾಂಪೌಂಡು ಬೇಕು, ಒಪ್ಪುತ್ತೇನೆ. ಆದರೆ ನರಕ್ಕೆ ಕಾಂಪೌಂಡಿಲ್ಲ. ಬೆನ್ನುಹುರಿಯಿಂದ ಹೊರಟ ನಾಲ್ಕನೇ ಥೊರಾಸಿಕ್ ನರ್ವ್, ಪಕ್ಕೆಲುಬಿನ ಕೆಳಗಿನ ತೋಡಿನಲ್ಲಿ ಸಾಗಿ, ಮೊಲೆತೊಟ್ಟಿನ ಚರ್ಮದಲ್ಲಿ ಮುಗಿಯುತ್ತದೆ. ಬೆನ್ನು, ಎದೆ, ಸ್ತನ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ.

ದಾರ ಹಿಡಿಯಬೇಕಾದರೆ ಮೊದಲು ಎಣಿಸಲು ಬರಬೇಕು. ವೈವಾದಲ್ಲಿ ಬೆನ್ನುಮೂಳೆಗಳ ಎಣಿಕೆಯನ್ನು "7, 12, 5, 5, 4, ಒಟ್ಟು 33" ಎಂದು ಮಗ್ಗಿ ಒಪ್ಪಿಸುವ ಹುಡುಗನಿಗೆ, ಬಾ ಈ ಬೆನ್ನಿನ ಮೇಲೆ ಟಿ 7 ತೋರಿಸು ಅಂದರೆ ಬೆರಳು ಗಾಳಿಯಲ್ಲೇ ತೇಲುತ್ತದೆ. ಸಿ ಅಂದರೆ ಕತ್ತಿನವು, ಟಿ ಎದೆಯವು, ಎಲ್ ಸೊಂಟದವು, ಎಸ್ ಅದರ ಕೆಳಗಿನವು. ತಲೆ ಬಗ್ಗಿಸಲು ಹೇಳಿ. ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯೇ ಸಾಮಾನ್ಯವಾಗಿ ಸಿ 7, ಕೆಲವರಲ್ಲಿ ಅದರ ಕೆಳಗಿನ ಟಿ 1 ಇನ್ನೂ ಎದ್ದಿರುತ್ತದೆ. ಕೈ ಇಳಿಬಿಟ್ಟು ನಿಂತವರ ಹೆಗಲ ಮೂಳೆಯ ಏಣು ಒಳಬದಿಗೆ ಮುಗಿಯುವಲ್ಲಿ ಟಿ 3. ಅದೇ ಮೂಳೆಯ ಕೆಳಮೂಲೆಯ ನೇರಕ್ಕೆ ಟಿ 7. ಸೊಂಟದ ಎರಡು ಮೂಳೆಗಳ ತುತ್ತತುದಿಯನ್ನು ಜೋಡಿಸಿ ಗೆರೆ ಎಳೆದರೆ ಎಲ್ 4. ಇವಿಷ್ಟು ಮೈಲಿಗಲ್ಲು ಗೊತ್ತಿದ್ದರೆ ನಡುವಿನದನ್ನು ಬೆರಳೇ ಎಣಿಸಿಕೊಳ್ಳುತ್ತದೆ. ಮುಂದುಗಡೆ ಒಂದೇ ಮೈಲಿಗಲ್ಲು ಸಾಕು. ಗಂಟಲ ಗುಳಿಯಿಂದ ಬೆರಳು ಕೆಳಗೆ ಜಾರಿಸಿ, ನಾಲ್ಕೈದು ಸೆಂಟಿಮೀಟರ್ ಕೆಳಗೆ ಅಡ್ಡಕ್ಕೊಂದು ದಿಣ್ಣೆ ತಡೆಯುತ್ತದೆ. ಅದು ಸ್ಟರ್ನಲ್ ಆಂಗಲ್. ಅದರ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೇ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನಿನಡಿ ಅವಿತಿರುತ್ತದೆ, ಅದನ್ನು ಹುಡುಕಲು ಹೋಗಿ ಎಣಿಕೆ ತಪ್ಪಿಸಿಕೊಳ್ಳಬೇಡಿ. ಅದೇ ಆಂಗಲ್‌ನ ನೇರಕ್ಕೆ ಒಳಗೆ ಶ್ವಾಸನಾಳ ಕವಲೊಡೆಯುತ್ತದೆ, ಹಿಂದೆ ಟಿ 4 ಮತ್ತು ಟಿ 5ರ ನಡುವಿನ ಡಿಸ್ಕ್.

ಮೊಲೆತೊಟ್ಟಿನಿಂದ ಪಕ್ಕೆಲುಬು ಎಣಿಸುವ ಅಭ್ಯಾಸ ಕೆಲವರಿಗಿದೆ. ಗಂಡಸರಲ್ಲಿ ಅದು ಪಕ್ಕೆಲುಬುಗಳ ನಾಲ್ಕನೇ ಸಂದಿಯ ಹತ್ತಿರ ಇರುವುದು ನಿಜ. ಮೂರು ಮಕ್ಕಳಿಗೆ ಹಾಲೂಡಿದ ತಾಯಿಯಲ್ಲಿ ಅದು ಎಲ್ಲಿಗೆ ಬೇಕಾದರೂ ಇಳಿದಿರಬಹುದು. ತಮಾಷೆ ಏನೆಂದರೆ ಎಷ್ಟೇ ಇಳಿದರೂ ನರ ಮಾತ್ರ ಟಿ 4 ಕಡೆಯದೇ. ಮಗು ಬಾಯಿ ಹಾಕಿದ ಸುದ್ದಿ ಅದೇ ಹಾದಿಯಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಮುಟ್ಟಿದ ಮೇಲೆ ಆಕ್ಸಿಟೋಸಿನ್ ಹಾರ್ಮೋನು ಇಳಿದು ಹಾಲು ಚಿಮ್ಮುತ್ತದೆ.

ಬೆನ್ನಿನ ಬಗ್ಗೆ ನಮ್ಮ ಜನಕ್ಕಿರುವಷ್ಟು ಹೆದರಿಕೆ ಬೇರಾವ ಭಾಗದ ಬಗ್ಗೆಯೂ ಇಲ್ಲ. "ಬೆನ್ನಿಂದ ನೀರು ತೆಗೆದ್ರೆ ಕಾಲು ಬಿದ್ದೋಗುತ್ತಂತೆ" ಎಂದು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆದ ಮಗುವಿನ ತಾಯಿ ಅಳುತ್ತ ಕೂತಿರುತ್ತಾಳೆ. ಸಹಿ ಹಾಕಿಸಿಕೊಳ್ಳಲು ಹೋದ ಇಂಟರ್ನಿ "ಏನೂ ಆಗಲ್ಲ" ಎಂದಷ್ಟೇ ಹೇಳುತ್ತಾನೆ. ಏಕೆ ಆಗಲ್ಲ ಎಂದು ಹೇಳಲು ಅನಾಟಮಿ ಬೇಕು. ದೊಡ್ಡವರಲ್ಲಿ ಬೆನ್ನುಹುರಿ ಎಲ್ 1ರ ಹತ್ತಿರ ಮುಗಿದೇ ಹೋಗುತ್ತದೆ, ಹುಟ್ಟಿದ ಮಗುವಿನಲ್ಲಿ ಎಲ್ 3ರ ತನಕ ಇರುತ್ತದೆ. ಸೂಜಿ ಹಾಕುವುದು ಎಲ್ 3, ಎಲ್ 4ರ ನಡುವೆ ಅಥವಾ ಇನ್ನೂ ಒಂದು ಮನೆ ಕೆಳಗೆ, ಮಗುವಿನಲ್ಲಿ ಕೆಳಗಿನ ಮನೆಯೇ ಕ್ಷೇಮ. ಅಲ್ಲಿರುವುದು ನೀರು, ಅದರಲ್ಲಿ ತೇಲುವ ನರದ ಎಳೆಗಳು. ಪಾಯಸದಲ್ಲಿ ಚಮಚ ಇಳಿಸಿದರೆ ಶಾವಿಗೆ ಪಕ್ಕಕ್ಕೆ ಸರಿಯುತ್ತದಲ್ಲ, ಸೂಜಿ ಬಂದಾಗ ಎಳೆಗಳೂ ಹಾಗೇ ಸರಿಯುತ್ತವೆ. ಆ ತಾಯಿಗೆ ನಾನು ಶಾವಿಗೆ ಪಾಯಸದ ಮಾತನ್ನೇ ಹೇಳಿದ್ದೆ. ಅವಳು ಸಹಿ ಹಾಕಿದಳು.

ಇನ್ನು 'ಡಿಸ್ಕ್ ಜಾರಿದೆ' ಅನ್ನುವ ಮಾತು. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಒಬ್ಬಟ್ಟು ತಟ್ಟುವಾಗ ಕಣಕ ತೆಳುವಾದ ಕಡೆ ಹೂರಣ ಒಡೆದು ಹೊರಗೆ ಬರುತ್ತದೆ, ಆಗುವುದು ಅದು. ಹೊರಗಿನ ನಾರಿನ ಉಂಗುರ ಕಣಕ, ಒಳಗಿನ ಲೋಳೆ ಹೂರಣ. ಹಿಂಬದಿಯ ನಟ್ಟನಡುವೆ ಉದ್ದಕ್ಕೂ ಒಂದು ಗಟ್ಟಿ ಪಟ್ಟಿ ಕಾವಲಿದೆ, ಸೊಂಟಕ್ಕೆ ಬರುವಷ್ಟರಲ್ಲಿ ಆ ಪಟ್ಟಿ ಕಿರಿದಾಗಿಬಿಡುತ್ತದೆ. ಹಾಗಾಗಿ ಹೂರಣ ಒಡೆಯುವುದು ಪಟ್ಟಿಯ ಅಕ್ಕಪಕ್ಕ, ಹಿಂದಿನ ಮೂಲೆಯಲ್ಲಿ, ಸರಿಯಾಗಿ ನರ ಇಳಿಯುವ ಜಾಗದಲ್ಲಿ.

ಯಾವ ನರ ಅನ್ನುವಲ್ಲಿ ಪ್ರತಿ ಬ್ಯಾಚೂ ಮುಗ್ಗರಿಸುತ್ತದೆ. ಎಲ್ 4 ಮತ್ತು ಎಲ್ 5ರ ನಡುವಿನ ಡಿಸ್ಕ್ ಒತ್ತುವುದು ಎಲ್ 4 ನರವನ್ನಲ್ಲ, ಎಲ್ 5 ಅನ್ನು. ಬಿಎಂಟಿಸಿ ಬಸ್ಸಿನ ಲೆಕ್ಕ ಹಾಕಿ. ಎಲ್ 4 ಪ್ರಯಾಣಿಕ ಡಿಸ್ಕಿಗಿಂತ ಮೇಲಿನ ಸ್ಟಾಪಿನಲ್ಲೇ ಇಳಿದು ಹೋಗಿರುತ್ತಾನೆ. ಮುಂದಿನ ಸ್ಟಾಪಿಗೆ ಬಾಗಿಲ ಬಳಿ ಬಂದು ನಿಂತ ಎಲ್ 5 ಪ್ರಯಾಣಿಕನಿಗೇ ಏಟು. ಅವನಿಗೆ ಏಟು ಬಿದ್ದರೆ ಹೆಬ್ಬೆರಳು ಮೇಲೆತ್ತಲು ಆಗುವುದಿಲ್ಲ, ಹಿಮ್ಮಡಿಯ ಮೇಲೆ ನಡೆಯಲು ಆಗುವುದಿಲ್ಲ. "ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ತಾನೇ ಇಲ್ಲ" ಎಂದು ರೋಗಿ ಅಂದರೆ ಅರ್ಧ ಡಯಾಗ್ನೋಸಿಸ್ ಅವರೇ ಮಾಡಿಕೊಂಡು ಬಂದಂತೆ. ಅದರ ಕೆಳಗಿನ ಡಿಸ್ಕಾದರೆ ಎಸ್ 1: ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬ ತೆಗೆಯಲಾಗದು, ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಿದರೆ ಪಾದದ ಜರ್ಕ್ ಬರದು. ಕತ್ತಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮೂಳೆ 7, ನರ 8, ಪ್ರತಿ ನರವೂ ತನ್ನ ಸಂಖ್ಯೆಯ ಮೂಳೆಯ ಮೇಲಿನಿಂದ ಹೊರಡುತ್ತದೆ, ಎಂಟನೆಯದಕ್ಕೆ ಮೂಳೆಯೇ ಇಲ್ಲದೆ ಸಿ 7ರ ಕೆಳಗೆ ಜಾಗ ಮಾಡಿಕೊಂಡಿದೆ.

ಸೊಂಟನೋವಿನ ರೋಗಿಗಳಲ್ಲಿ ಬಹಳ ಜನಕ್ಕೆ ಆಪರೇಷನ್ ಬೇಡ. ಆದರೆ ಮೂತ್ರ ಕಟ್ಟಿದೆ, ಕೂತಾಗ ಸೀಟಿಗೆ ತಾಗುವ ಜಾಗ ಜೋಮು ಹಿಡಿದಿದೆ ಅಂದರೆ ಕುದುರೆ ಬಾಲದಂತಿರುವ ಆ ಎಳೆಗಳ ಇಡೀ ಕಟ್ಟೇ ಅಪ್ಪಚ್ಚಿಯಾಗುತ್ತಿದೆ ಎಂದು ತಿಳಿಯಿರಿ. ಅದು ಅದೇ ದಿನದ ಕೆಲಸ. ಈ ಪ್ರಶ್ನೆ ಕೇಳಲು ನಾಚಿಕೆಪಟ್ಟರೆ ರೋಗಿಗೆ ಜೀವನಪೂರ್ತಿ ಟ್ಯೂಬು.

ಸರ್ಪಸುತ್ತಿನ ರೈತರ ಬಗ್ಗೆ ನಾನು ಮಾಡಿದ ತಪ್ಪನ್ನೇ ಇನ್ನೊಂದು ವೇಷದಲ್ಲಿ ಮಾಡಿಸುವ ರೋಗ ನಮ್ಮಲ್ಲಿ ಧಾರಾಳವಾಗಿದೆ, ಬೆನ್ನುಮೂಳೆಯ ಟಿಬಿ. 1779ರಲ್ಲಿ ಇಂಗ್ಲೆಂಡಿನ ಸರ್ಜನ್ ಪರ್ಸಿವಲ್ ಪಾಟ್ ಬರೆದಿಟ್ಟಿದ್ದರಿಂದ ಪಾಟ್ಸ್ ಸ್ಪೈನ್ ಅನ್ನುತ್ತೇವೆ. ಎದೆಯ ಕೆಳಭಾಗ, ಸೊಂಟದ ಮೇಲ್ಭಾಗದ ಮೂಳೆಗಳು ಅದಕ್ಕೆ ಇಷ್ಟ. ಡಿಸ್ಕಿನ ಅಂಚಿನಲ್ಲಿ ಶುರುವಾಗಿ, ಎರಡು ಮೂಳೆ ಮತ್ತು ನಡುವಿನ ಡಿಸ್ಕ್ ಮೂರನ್ನೂ ತಿಂದು, ಮುಂಭಾಗ ಕುಸಿದಾಗ ಬೆನ್ನಿನಲ್ಲಿ ಗೂನು ಮೂಡುತ್ತದೆ. ಗೂನು ಮೂಡುವುದಕ್ಕೆ ತಿಂಗಳುಗಳ ಮೊದಲೇ ನರದ ಬೇರು ಕೆರಳಿರುತ್ತದೆ. ಟಿ 10 ಕೆರಳಿದರೆ ನೋವು ಹೊಕ್ಕುಳಲ್ಲಿ. ಹುಡುಗ ಹೊಟ್ಟೆ ಹಿಡಿದುಕೊಳ್ಳುತ್ತಾನೆ, ನಾವು ಜಂತುಹುಳದ ಔಷಧಿ ಕೊಡುತ್ತೇವೆ. ಕೀವು ಇನ್ನೂ ಚಾಲಾಕಿ. ಬೆನ್ನುಮೂಳೆಯಿಂದ ತೊಡೆಗಿಳಿಯುವ ಸೊವಾಸ್ ಸ್ನಾಯುವಿನ ಚೀಲದೊಳಗೆ ಸದ್ದಿಲ್ಲದೆ ಇಳಿದು ತೊಡೆಸಂದಿಯಲ್ಲಿ ಗಡ್ಡೆಯಾಗಿ ಮೇಲೇಳುತ್ತದೆ. ಹರ್ನಿಯಾ ಎಂದು ಬರೆದುಕೊಂಡು ಬಂದ ಚೀಟಿಗಳನ್ನು ನಾನು ನೋಡಿದ್ದೇನೆ. ಬಿಸಿಯಿಲ್ಲ, ಕೆಂಪಿಲ್ಲ, ಮುಟ್ಟಿದರೆ ತಣ್ಣಗೆ. ಕಣ್ಣು ತೊಡೆಯ ಮೇಲಿದ್ದರೂ ಕೈ ಒಮ್ಮೆ ಬೆನ್ನಿನ ಮೇಲೆ ಹೋಗಿಬರಲಿ, ಒಂದೊಂದೇ ಮೂಳೆಯನ್ನು ಮೆಲ್ಲಗೆ ತಟ್ಟುತ್ತ.

ಮೇಲಿನಿಂದಲೂ ಇದೇ ಆಟ. ಕೆಳಗಿನ ಪಕ್ಕೆಲುಬುಗಳ ನರ ಎದೆಗೂಡಿನ ಅಂಚಿನಲ್ಲಿ ನಿಲ್ಲದೆ ಹೊಟ್ಟೆಯ ಗೋಡೆಗೂ ಇಳಿಯುತ್ತದೆ. ಬಲ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಆದ ಮಗು ಅಪೆಂಡಿಸೈಟಿಸ್ ತರಹ ಹೊಟ್ಟೆ ಬಿಗಿಹಿಡಿಯುವುದು ಇದರಿಂದಲೇ. ಎದೆ, ಹೊಟ್ಟೆಗಳ ನಡುವಿನ ತೆರೆಯಾದ ವಪೆಯ ನಡುಭಾಗಕ್ಕೆ ಮಾತ್ರ ನರ ಬರುವುದು ಕತ್ತಿನಿಂದ, ಸಿ 3, 4, 5ರಿಂದ. ಅಲ್ಲಿ ಕೆರಳಿದರೆ ನೋವು ಹೆಗಲ ತುದಿಯಲ್ಲಿ.

ಎದೆಗೂಡಿನ ಬಗ್ಗೆ ಹೇಳುವಾಗ ನನ್ನ ಇಂಟರ್ನ್‌ಶಿಪ್ಪಿನ ಒಂದು ಮಧ್ಯಾಹ್ನ ತಪ್ಪದೆ ನೆನಪಾಗುತ್ತದೆ. ಪ್ಲೂರದಲ್ಲಿ, ಅಂದರೆ ಶ್ವಾಸಕೋಶದ ಸುತ್ತಲಿನ ಪೊರೆಯೊಳಗೆ, ನೀರು ತುಂಬಿದ ವೃದ್ಧರೊಬ್ಬರಿಗೆ ಸೂಜಿ ಹಾಕಬೇಕಿತ್ತು. ನರ್ವ್, ರಕ್ತನಾಳಗಳು ಮೇಲಿನ ಪಕ್ಕೆಲುಬಿನ ಕೆಳಗಿನ ತೋಡಿನಲ್ಲಿ ಸಾಗುತ್ತವೆ, ಮೇಲಿಂದ ಕೆಳಕ್ಕೆ ವೇನ್, ಆರ್ಟರಿ, ನರ್ವ್, ಆದ್ದರಿಂದ ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಸಿಕೊಂಡು ಹೋಗಬೇಕು: ಇಷ್ಟನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಅದರಂತೆಯೇ ಹಾಕಿದೆ. ಬಂದದ್ದು ಒಣಹುಲ್ಲಿನ ಬಣ್ಣದ ನೀರಲ್ಲ, ಬೆಚ್ಚನೆಯ ಕೆಂಪು. ಸೀನಿಯರ್ ಒಂದು ಮಾತೂ ಆಡದೆ ಸೂಜಿ ತೆಗೆದು, ಬೆರಳಿಂದ ಒತ್ತಿ ಹಿಡಿದು, ಐದು ನಿಮಿಷ ಕಿಟಕಿಯಾಚೆ ನೋಡುತ್ತ ನಿಂತರು. ಅಜ್ಜನಿಗೆ ಏನೂ ಆಗಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ಹೇಳಿದರು: "ತೋಡು ಬೆನ್ನುಮೂಳೆ ಹತ್ರ ಇನ್ನೂ ಶುರು ಆಗಿರಲ್ಲಮ್ಮ. ಅಲ್ಲಿ ಆರ್ಟರಿ ಸಂದಿಯ ಮಧ್ಯದಲ್ಲೇ ಹೋಗ್ತಿರುತ್ತೆ. ವಯಸ್ಸಾದವರಲ್ಲಿ ಹಾವಿನ ತರ ಸುತ್ತಿಕೊಂಡಿರುತ್ತೆ." ನಾನು ಸೂಜಿ ಹಾಕಿದ್ದು ಬೆನ್ನುಮೂಳೆಗೆ ತೀರಾ ಹತ್ತಿರ. ಪುಸ್ತಕದ ಅಡ್ಡ ಕೊರೆದ ಚಿತ್ರ ಪಕ್ಕೆಯದು, ನಾನದನ್ನು ಬೆನ್ನಿಗೂ ಅನ್ವಯಿಸಿದ್ದೆ.

ಎದೆಯೊಳಗಿನ ಗಾಳಿ, ನೀರು ಹೊರತೆಗೆಯುವ ಚೆಸ್ಟ್ ಟ್ಯೂಬ್ ಹಾಕುವವರಿಗೆ 'ಸೇಫ್ ಟ್ರಯಾಂಗಲ್' ಹೇಳಿಕೊಡುವುದೂ ಇಂಥ ಅನುಭವಗಳಿಂದಲೇ. ಮುಂದೆ ಎದೆಯ ದೊಡ್ಡ ಸ್ನಾಯು ಪೆಕ್ಟೊರಾಲಿಸ್ ಮೇಜರ್ ಅಂಚು, ಹಿಂದೆ ಬೆನ್ನಿನ ಸ್ನಾಯು ಲ್ಯಾಟಿಸಿಮಸ್ ಡಾರ್ಸೈ ಅಂಚು, ಕೆಳಗೆ ಐದನೇ ಸಂದಿಯ ಗೆರೆ, ತುದಿ ಕಂಕುಳಲ್ಲಿ. ಅದಕ್ಕಿಂತ ಕೆಳಗಿಳಿದರೆ ಎದೆಯೆಂದುಕೊಂಡು ಹೊಟ್ಟೆಗೇ ಹೋಗಬಹುದು. ಉಸಿರು ಬಿಟ್ಟಾಗ ವಪೆ ಎಷ್ಟು ಮೇಲೆ ಬರುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಎದೆಯೊಳಗೆ ಗಾಳಿ ಸಿಕ್ಕಿ ಶ್ವಾಸಕೋಶವನ್ನು ಒತ್ತುವ ಟೆನ್ಷನ್ ನ್ಯುಮೊಥೊರಾಕ್ಸ್‌ಗೆ ಎರಡನೇ ಸಂದಿಯಲ್ಲಿ ಸೂಜಿ ಎಂದು ನಾವು ಓದಿದ್ದೆವು. ಗಾಯಾಳುಗಳ ಚಿಕಿತ್ಸೆ ಕಲಿಸುವ 2018ರ ಎಟಿಎಲ್‌ಎಸ್ ಆವೃತ್ತಿ ದೊಡ್ಡವರಿಗೆ ಅದನ್ನು ಪಕ್ಕೆಯ ನಾಲ್ಕು ಅಥವಾ ಐದನೇ ಸಂದಿಗೆ ಬದಲಿಸಿತು. ಎದೆಯ ಮುಂಭಾಗದ ಮಾಂಸ ದಪ್ಪವಿದ್ದವರಲ್ಲಿ ಸೂಜಿ ಗಾಳಿಯ ತನಕ ತಲುಪುವುದೇ ಇಲ್ಲ.

ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆ ತುಂಬ ರಾಶಿ ರಾಶಿ. ನನಗೂ ಆ ವಾಸನೆ ಇಷ್ಟ, ಪ್ರತಿ ವರ್ಷ ಹೋಗುತ್ತೇನೆ. ಆದರೆ ಅಪ್ಪನ ಹೆಗಲ ಮೇಲೆ ಕೂತ ಎರಡು ವರ್ಷದ ಕೂಸು ಕಡಲೆಬೀಜ ಬಾಯಿಗೆ ಹಾಕಿಕೊಂಡು ನಗುವುದನ್ನು ಕಂಡರೆ ನನ್ನ ಕಣ್ಣಿಗೆ ಕಾಣುವುದು ಶ್ವಾಸನಾಳದ ಕವಲು. ಬಲಗಡೆಯ ಕವಲು, ಬ್ರಾಂಕಸ್, ಅಗಲ, ಗಿಡ್ಡ, ಹೆಚ್ಚು ನೇರ. ಜಾರಿದ್ದು ಅಲ್ಲಿಗೇ ಬೀಳುವುದು ಹೆಚ್ಚು, ಚಿಕ್ಕ ಮಕ್ಕಳಲ್ಲಿ ಎರಡರ ಓರೆಗೆ ಅಷ್ಟು ವ್ಯತ್ಯಾಸ ಇರುವುದಿಲ್ಲವಾದ್ದರಿಂದ ಎಡಕ್ಕೂ ಹೋಗುತ್ತದೆ. ಕಡಲೆಬೀಜ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಕಾಣುವುದು ಗಾಳಿ ಒಳಗೆ ಹೋಗಿ ಹೊರಬರಲಾರದೆ ಉಬ್ಬಿದ ಒಂದು ಶ್ವಾಸಕೋಶ. ಜೊತೆಗೆ ಬೀಜದ ಎಣ್ಣೆ ಒಳಪೊರೆಯನ್ನು ಕೆರಳಿಸುತ್ತದೆ, ದಿನ ಕಳೆದಂತೆ ಬೀಜವೂ ಊದಿಕೊಳ್ಳುತ್ತದೆ. ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು, ಒಂದೇ ಕಡೆ ಸುಯ್ಯೆನ್ನುವ ಸದ್ದು ಎಂದಾದರೆ ನೆಬ್ಯುಲೈಸರ್ ಹಚ್ಚುವ ಮೊದಲು ಏನು ತಿನ್ನುತ್ತಿತ್ತು ಎಂದು ಕೇಳಿ.

ಸ್ತನದ ಪಾಠಕ್ಕೆ ಬಂದಾಗ ಕ್ಲಿನಿಕ್ಕಿನಲ್ಲಿ ಮೌನ. ಹುಡುಗರು ಹಿಂದಿನ ಸಾಲಿಗೆ ಸರಿಯುತ್ತಾರೆ, ಕೇಸ್ ಶೀಟಿನಲ್ಲಿ 'ಲೋಕಲ್ ಎಕ್ಸಾಮಿನೇಷನ್' ಎಂಬ ಜಾಗ ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಸಂಕೋಚ ನನಗೆ ಅರ್ಥವಾಗುತ್ತದೆ. ರೋಗಿಯ ಸಂಕೋಚ ನಿಮ್ಮದಕ್ಕಿಂತ ಹತ್ತು ಪಾಲು ಹೆಚ್ಚು. ಅವರ ಒಪ್ಪಿಗೆ ಕೇಳಿ, ಜೊತೆಗೆ ಹೆಣ್ಣು ನರ್ಸ್ ಇರಲಿ, ಪರದೆ ಎಳೆಯಿರಿ, ಕೈ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಪೂರ್ತಿ ನೋಡಿ, ಅರ್ಧಂಬರ್ಧ ನೋಡಿ ಸೆರಗು ಮುಚ್ಚಿಸುವುದು ಮರ್ಯಾದೆಯಲ್ಲ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಈಗ ಈ ಊರಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸ್ತನದ ಕ್ಯಾನ್ಸರೇ.

ಎರಡನೇ ಪಕ್ಕೆಲುಬಿನಿಂದ ಆರನೆಯದರವರೆಗೆ, ಎದೆಮೂಳೆಯ ಅಂಚಿನಿಂದ ಕಂಕುಳ ಮಧ್ಯದ ಗೆರೆಯವರೆಗೆ ಸ್ತನದ ತಳ. ಮೂರನೇ ಎರಡು ಭಾಗ ಪೆಕ್ಟೊರಾಲಿಸ್ ಮೇಜರ್ ಮೇಲೆ, ಉಳಿದದ್ದು ಹೆಚ್ಚಾಗಿ ಪಕ್ಕೆಯ ಸ್ನಾಯು ಸೆರೇಟಸ್ ಆಂಟೀರಿಯರ್ ಮೇಲೆ. ಮೇಲಿನ ಹೊರಮೂಲೆಯಿಂದ ಒಂದು ಬಾಲ ಹೊರಟು, ಪೊರೆ ತೂರಿ, ಕಂಕುಳೊಳಗೆ ನುಗ್ಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಹೊರಮೂಲೆಯಲ್ಲೇ, ಏಕೆಂದರೆ ಅಂಗಾಂಶ ಹೆಚ್ಚಿರುವುದೂ ಅಲ್ಲೇ. ಹೆರಿಗೆಯಾದ ವಾರದಲ್ಲಿ ಕಂಕುಳು ಊದಿಕೊಂಡಿತೆಂದು ಗಾಬರಿಯಾಗಿ ಬರುವ ಬಾಣಂತಿಯರೂ ಇದ್ದಾರೆ. ಎಷ್ಟೋ ಸಲ ಅದು ಅಲ್ಲುಳಿದ ಸ್ತನದ ತುಣುಕಿಗೆ ಹಾಲು ಇಳಿದದ್ದು, ಅಷ್ಟೇ.

ನಾನು ಹೆಚ್ಚು ಹೊತ್ತು ನಿಲ್ಲುವುದು ಕೂಪರ್ ಲಿಗಮೆಂಟುಗಳ ಹತ್ತಿರ. ಚರ್ಮದಿಂದ ಒಳಗಿನ ಪೊರೆಗೆ ಕಟ್ಟಿದ ಸಣ್ಣ ಸಣ್ಣ ದಾರಗಳು ಎಂದುಕೊಳ್ಳಿ. ಗೌರಿ ಹಬ್ಬಕ್ಕೆ ದಿಂಬಿನ ಕವರಿಗೆ ಟಾಕೆ ಹಾಕಿ ಗುಳಿ ಮಾಡುತ್ತಿದ್ದ ನನ್ನಜ್ಜಿಯ ಕೆಲಸ ನೆನಪಾಗುತ್ತದೆ. ಒಳಗಿನ ಗಡ್ಡೆ ಒಂದು ದಾರವನ್ನು ಎಳೆದುಕೊಂಡರೆ ಹೊರಗೆ ಚರ್ಮ ಗುಳಿ ಬೀಳುತ್ತದೆ. ಸುಮ್ಮನೆ ಕೂತಾಗ ಕಾಣದ ಗುಳಿ ಕೈ ಮೇಲೆತ್ತಿದಾಗ ಕಾಣುತ್ತದೆ. ಸೊಂಟದ ಮೇಲೆ ಕೈಯಿಟ್ಟು ಒತ್ತಲು ಹೇಳಿ, ಪೆಕ್ಟೊರಾಲಿಸ್ ಬಿಗಿಯಾದಾಗ ಗಡ್ಡೆ ಅಲ್ಲಾಡುವುದು ನಿಂತರೆ ಅದು ಸ್ನಾಯುವಿಗೆ ಕಚ್ಚಿಕೊಂಡಿದೆ. ಲಿಂಫ್ (ಅಂಗಾಂಶದಿಂದ ಹರಿದುಬರುವ ತಿಳಿನೀರು) ದಾರಿ ಕಟ್ಟಿ ಚರ್ಮ ಊದಿಕೊಂಡಾಗ, ಕೂದಲ ಬೇರಿರುವ ಕಡೆ ಮಾತ್ರ ಊದಲಾರದೆ, ಕೊಡಗಿನ ಕಿತ್ತಳೆ ಸಿಪ್ಪೆಯಂತೆ ಚುಕ್ಕಿ ಚುಕ್ಕಿ ಕಾಣುತ್ತದೆ. ಈ ಮೂರನ್ನೂ ಕಣ್ಣು, ಕೈಯಿಂದಲೇ ನೋಡಬಹುದು, ಸ್ಕ್ಯಾನಿನ ಸರದಿ ಕಾಯಬೇಕಿಲ್ಲ.

ಲಿಂಫಿನ ಸುಮಾರು ಮುಕ್ಕಾಲು ಪಾಲು ಕಂಕುಳಿಗೆ ಹರಿಯುತ್ತದೆ, ಉಳಿದದ್ದು ಹೆಚ್ಚಾಗಿ ಎದೆಮೂಳೆಯ ಪಕ್ಕದ ಗ್ರಂಥಿಗಳಿಗೆ. ಕಂಕುಳು ನೋಡುವಾಗ ರೋಗಿಯ ತೋಳಿನ ಭಾರ ನಿಮ್ಮ ಕೈಮೇಲಿರಲಿ, ಅವರು ತೋಳು ಬಿಗಿ ಹಿಡಿದರೆ ಒಳಗೆ ಏನೂ ಸಿಗದು. ಆಪರೇಷನ್ನಿನಲ್ಲಿ ಇದೇ ಕಂಕುಳಲ್ಲಿ ಮತ್ತೆ ನಮ್ಮ ದಾರಗಳು ಎದುರಾಗುತ್ತವೆ. ಸಿ 5, 6, 7ರಿಂದ ಇಳಿಯುವ ಲಾಂಗ್ ಥೊರಾಸಿಕ್ ನರ್ವ್ ಕತ್ತರಿಸಿತೋ, ಹೆಗಲ ಮೂಳೆ ರೆಕ್ಕೆಯಂತೆ ಏಳುತ್ತದೆ, ಆ ಹೆಂಗಸು ಇನ್ನು ತಂತಿಯ ಮೇಲೆ ಬಟ್ಟೆ ಒಣಹಾಕಲು ಒದ್ದಾಡಬೇಕು. ಟಿ 2ರ ಕವಲೊಂದು ಪಕ್ಕೆಲುಬಿನ ಸಂದಿಯಿಂದ ಹೊರಬಿದ್ದು ಕಂಕುಳು ದಾಟಿ ತೋಳಿನ ಒಳಬದಿಗೆ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಆಗದೆ ಹೋಗುವುದುಂಟು. ಆಗ "ತೋಳು ನಂದಲ್ಲ ಅನ್ಸುತ್ತೆ" ಎಂದು ಅವರು ವರ್ಷಗಟ್ಟಲೆ ಹೇಳುತ್ತಿರುತ್ತಾರೆ. ಆಪರೇಷನ್ನಿಗೆ ಮೊದಲೇ ಇದನ್ನು ಹೇಳಿಡುವುದು ನಮ್ಮ ಕೆಲಸ.

ಕಳೆದ ಮಳೆಗಾಲದಲ್ಲಿ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿರುವ ಹೆಂಗಸೊಬ್ಬರು ಬಂದಿದ್ದರು. ಐವತ್ತರ ಹತ್ತಿರ ವಯಸ್ಸು. ನಾಲ್ಕು ತಿಂಗಳ ಬೆನ್ನುನೋವು. ದಿನಕ್ಕೆ ಎಂಟು ಗಂಟೆ ಮಷೀನಿನ ಮುಂದೆ ಬಗ್ಗಿ ಕೂರುವವರಿಗೆ ಬೆನ್ನುನೋವು ಬರದೆ ಇನ್ನೇನು ಎಂದು ನೋಡಿದವರೆಲ್ಲ ಬೆಲ್ಟು, ಮುಲಾಮು ಬರೆದಿದ್ದರು. ಕೇಸ್ ಹೇಳಿದ ವಿದ್ಯಾರ್ಥಿನಿ ಚುರುಕು. ಮಲಗಿದರೂ ನೋವು ಬಿಡುವುದಿಲ್ಲ, ರಾತ್ರಿ ಹೆಚ್ಚು ಎಂಬುದನ್ನು ಕೇಳಿ ಬರೆದುಕೊಂಡಿದ್ದಳು. ಬೆನ್ನು ತಟ್ಟಿ ಟಿ 9ರ ಮೇಲೆ ನೋವೆಂದು ಸರಿಯಾಗಿ ಎಣಿಸಿದ್ದಳು. "ಟಿಬಿ ಇರಬಹುದು ಮೇಡಂ" ಎಂದಳು. ಎಕ್ಸ್-ರೇ ಬೆಳಕಿಗೆ ಹಿಡಿದೆವು. ಮುಂದಿನಿಂದ ತೆಗೆದ ಚಿತ್ರದಲ್ಲಿ ಪ್ರತಿ ಮೂಳೆಯಲ್ಲೂ ಹಿಂದಿನ ಕಂಬಗಳಾದ ಎರಡು ಪೆಡಿಕಲ್‌ಗಳು ಗೂಬೆಯ ಕಣ್ಣಿನ ಹಾಗೆ ಕಾಣುತ್ತವೆ. ಒಂಬತ್ತನೇ ಗೂಬೆಗೆ ಒಂದು ಕಣ್ಣು ಮುಚ್ಚಿತ್ತು. ಮೇಲಿನ ಡಿಸ್ಕ್, ಕೆಳಗಿನ ಡಿಸ್ಕ್ ಎರಡೂ ಗಟ್ಟಿಮುಟ್ಟು. ಟಿಬಿಯಾಗಿದ್ದರೆ ಸಾಮಾನ್ಯವಾಗಿ ಡಿಸ್ಕನ್ನು ಬಿಡುತ್ತಿರಲಿಲ್ಲ.

1940ರಲ್ಲಿ ಅಮೆರಿಕದ ಅನಾಟಮಿ ತಜ್ಞ ಬ್ಯಾಟ್ಸನ್ ತೋರಿಸಿದ ವೇನುಗಳ ಬಲೆಯನ್ನು ನೆನಪಿಸಿದೆ. ಪಕ್ಕೆಲುಬಿನ ಸಂದಿಯ ವೇನುಗಳು ಸ್ತನದ ರಕ್ತವನ್ನೂ ತಂದುಕೊಂಡು ಬೆನ್ನುಮೂಳೆಯ ಸುತ್ತಲಿನ ಬಲೆಗೆ ಸೇರುತ್ತವೆ. ಆ ಬಲೆಗೆ ಕವಾಟಗಳಿಲ್ಲ. ಕೆಮ್ಮಿದರೆ, ಮುಕ್ಕಿದರೆ, ಭಾರ ಎತ್ತಿದರೆ ರಕ್ತ ಹಿಂದುಮುಂದಾಗಿ ಹರಿಯುತ್ತದೆ, ಶ್ವಾಸಕೋಶವನ್ನು ಮುಟ್ಟದೆಯೇ ಮೂಳೆಗೆ ಕ್ಯಾನ್ಸರಿನ ಬೀಜ ಬೀಳುತ್ತದೆ. ವಿದ್ಯಾರ್ಥಿನಿ ನನ್ನ ಮುಖ ನೋಡಿದಳು, ಆಮೇಲೆ ಪರದೆ ಎಳೆದಳು. ಎಡಸ್ತನದ ಮೇಲಿನ ಹೊರಮೂಲೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಕೈ ಎತ್ತಿದಾಗ ಅದರ ಮೇಲೆ ಹೆಬ್ಬೆಟ್ಟು ಒತ್ತಿದಂಥ ಗುಳಿ.

ಎಷ್ಟು ದಿನದಿಂದ ಇದೆ ಎಂದು ಕೇಳಿದೆ. "ಹೋದ್ ವರ್ಷ ದೀಪಾವಳಿಗೆ ಸ್ನಾನ ಮಾಡೋವಾಗ ಸಿಕ್ತು." ಯಾರಿಗೂ ಯಾಕೆ ಹೇಳಲಿಲ್ಲ? ಅವರು ರವಿಕೆಯ ಹುಕ್ ಹಾಕಿಕೊಳ್ಳುತ್ತ ಹೇಳಿದರು: "ಅದು ನೋಯ್ತಾ ಇರ್ಲಿಲ್ವಲ್ಲ ಡಾಕ್ಟ್ರಮ್ಮ. ನೋಯ್ತಾ ಇದ್ದಿದ್ದು ಬೆನ್ನು. ಅವ್ರೆಲ್ಲ ಬೆನ್ನು ತಾನೆ ಕೇಳಿದ್ದು."